ಹೋಟೆಲ್ ಥರ ಬಂದಿಲ್ಲ: ದೋಸೆ ಭಟ್ಟರಿಗೊಂದು ಬಹಿರಂಗ ಪತ್ರ

ಇಂದ,
ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ ಮತ್ತು ಮನೆಯ ಕಾಯಂ ಅಡುಗೆಯವಳು,
ಬೆಂಗಳೂರು ದಕ್ಷಿಣ.

ಇವರಿಗೆ,
ದೋಸೆ ಭಟ್ಟರು,
ಕಾವಲಿ ವಿಭಾಗ,
ನಮ್ಮ ಬಡಾವಣೆಯ ಹೋಟೆಲು.

ಮಾನ್ಯರೇ,

ವಿಷಯ: ತಮ್ಮ ಮಸಾಲೆ ದೋಸೆಯಿಂದ ನಮ್ಮ ಮನೆಯ ನೆಮ್ಮದಿಗೆ ಉಂಟಾಗಿರುವ ಭಂಗದ ಕುರಿತು.

ಉಲ್ಲೇಖ: ಭಾನುವಾರಗಳ ಬೆಳಗಿನ ತಿಂಡಿ ಮತ್ತು ಆ ಸಂಬಂಧ ಮನೆಮಂದಿ ಸಲ್ಲಿಸಿದ ಮೌಖಿಕ ದೂರುಗಳು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ನಮ್ಮ ಸಂಸಾರದಲ್ಲಿ ಹುಳಿ ಹಿಂಡಿದ್ದೀರಿ. ಅದೂ ಅಂತಿಂಥ ಹುಳಿಯಲ್ಲ. ರಾತ್ರಿಯೆಲ್ಲ ಹದವಾಗಿ ಹುದುಗಿ, ಬೆಳಿಗ್ಗೆ ಕಾವಲಿ ಮೇಲೆ ಬಿದ್ದೊಡನೆ ಬಸ್‌ಸ್ಟಾಪಿನವರೆಗೂ ಘಮ್ಮೆನ್ನುವ ಹುಳಿ.

ತಮ್ಮ ಹೆಸರು ನನಗೆ ಗೊತ್ತಿಲ್ಲ. ಕಾವಲಿ ಮುಂದೆ ಯಾರು ನಿಂತರೂ ನಾವು 'ಭಟ್ರೇ' ಎಂದೇ ಕರೆಯುವವರು. ತಾವು ಕುಂದಾಪುರದ ಕಡೆಯವರಿರಬಹುದು, ಒಡಿಶಾದಿಂದ ರೈಲು ಹತ್ತಿ ಬಂದವರಿರಬಹುದು, ಭಟ್ಟರೇ ಅಲ್ಲದಿರಬಹುದು. ಅದೆಲ್ಲ ಇಲ್ಲಿ ಮುಖ್ಯವಲ್ಲ. ನಾನು ಮನೆಯಲ್ಲಿ ಎಷ್ಟೇ ಮುತುವರ್ಜಿಯಿಂದ ಮಸಾಲೆ ದೋಸೆ ಮಾಡಿದರೂ ನಮ್ಮವರ ಬಾಯಲ್ಲಿ ಬರುವ ತೀರ್ಪು ಒಂದೇ: "ಚೆನ್ನಾಗಿದೆ ಕಣೇ. ಆದ್ರೆ ಹೋಟೆಲ್ ಥರ ಬಂದಿಲ್ಲ." ಈ 'ಆದ್ರೆ'ಗೆ ನೇರ ಹೊಣೆ ತಾವು. 'ಎಲ್ಲರ ಮನೆ ದೋಸೆನೂ ತೂತೇ' ಎಂದು ಹಿರಿಯರು ಸಮಾಧಾನ ಹೇಳಿ ಹೋಗಿದ್ದಾರೆ, ನಿಜ. ಆದರೆ ಆ ಗಾದೆಯಲ್ಲಿ ಮನೆಗಳಿವೆಯೇ ಹೊರತು ಹೋಟೆಲಿಲ್ಲ. ಹಾಗಾಗಿ ನನಗೆ ಅದರಿಂದ ಯಾವ ಪ್ರಯೋಜನವೂ ಆಗಿಲ್ಲ.

ಮೊದಲು ಒಂದು ವಿಚಾರ ಇತ್ಯರ್ಥವಾಗಬೇಕು. 'ಹೋಟೆಲ್ ಥರ' ಅಂದರೆ ಯಾವ ಹೋಟೆಲಿನ ಥರ? ನಮ್ಮ ಯಜಮಾನರು ಬಸವನಗುಡಿಯಲ್ಲಿ ಬೆಳೆದವರು. ಅವರ ಪಾಲಿಗೆ ದೋಸೆ ಅಂದರೆ 1943ರಲ್ಲಿ ಗಾಂಧಿಬಜಾರಿನಲ್ಲಿ ಬಾಗಿಲು ತೆರೆದ ವಿದ್ಯಾರ್ಥಿ ಭವನದ್ದು. ತುಸು ದಪ್ಪ, ತಳ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ಧಾರಾಳವಾಗಿ ಸುರಿದ ನೀರುಚಟ್ನಿ. ಅತ್ತೆಯವರ ತವರು ಮೈಸೂರು. ಅವರಿಗೆ ಮೈಲಾರಿಯ ಕೈಯಗಲದ, ಹೂವಿನಷ್ಟು ಮೆದುವಾದ ದೋಸೆಯೇ ದೋಸೆ. ಗರಿಗರಿಯಾದದ್ದೆಲ್ಲ ಅವರ ಲೆಕ್ಕದಲ್ಲಿ ಹಪ್ಪಳ. ನಾದಿನಿಯನ್ನು ದಾವಣಗೆರೆಗೆ ಕೊಟ್ಟಿದೆ. ಅವಳು ಬಂದಾಗಲೆಲ್ಲ ಹಿಟ್ಟಿಗೆ ಮಂಡಕ್ಕಿ ಹಾಕಿ ರುಬ್ಬಬೇಕು, ಕಾವಲಿಗೆ ಬೆಣ್ಣೆ ಬೀಳಬೇಕು, ಪಲ್ಯಕ್ಕೆ ಅರಿಶಿನ ಸೋಕಬಾರದು. ಮಗಳಿಗೆ ಮೊಳದುದ್ದದ ಪೇಪರ್ ದೋಸೆ. ಇಷ್ಟೂ ಜನ ಒಂದೇ ಮೇಜಿನ ಸುತ್ತ ಕೂತು ಒಂದೇ ದೋಸೆಯನ್ನು ಮುರಿದು, ಒಂದೇ ದನಿಯಲ್ಲಿ "ಹೋಟೆಲ್ ಥರ ಬಂದಿಲ್ಲ" ಅನ್ನುತ್ತಾರೆ. ನಮ್ಮ ಮನೆಯಲ್ಲಿ ಒಮ್ಮತ ಮೂಡುವ ಏಕೈಕ ವಿಷಯ ಇದು. ಅದಕ್ಕಾಗಿ ತಮಗೆ ಕೃತಜ್ಞತೆಯನ್ನೂ ಸಲ್ಲಿಸಬೇಕೇನೋ.

"ಅಜ್ಜಿ ಕಾಲದ ರೆಸಿಪಿ ಹುಡುಕು, ಬರುತ್ತೆ" ಎಂದು ಸಲಹೆ ಕೊಟ್ಟವರೂ ಉಂಟು. ದೋಸೆ ಹಳೆಯದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ, ಅಂದರೆ 12ನೆಯ ಶತಮಾನದಲ್ಲೇ, 'ಧೋಸಕ' ಎಂಬ ತಿಂಡಿಯ ಮಾತು ಬರುತ್ತದೆ. ಆಗ ಹೋಟೆಲುಗಳಿರಲಿಲ್ಲ, ಹಾಗಾಗಿ ರಾಣಿವಾಸದವರು ಬಚಾವು. ಆದರೆ ಮಸಾಲೆ ದೋಸೆಯ ಹೊಟ್ಟೆಯಲ್ಲಿ ಕೂರುವ ಆಲೂಗಡ್ಡೆ, ಅದರ ಒಳಮೈಗೆ ಬಳಿಯುವ ಕೆಂಪು ಚಟ್ನಿಯ ಮೆಣಸಿನಕಾಯಿ, ಎರಡೂ ಅಮೆರಿಕ ಖಂಡದ ಸಂತಾನ. ಪೋರ್ಚುಗೀಸರ ಹಡಗುಗಳು ನಮ್ಮ ಕರಾವಳಿಗೆ ಬರುವ ಮುಂಚೆ ಇಲ್ಲಿ ಅವುಗಳ ಸುಳಿವೇ ಇರಲಿಲ್ಲ. ಸುರುಳಿ ಸುತ್ತಿದ, ಪಲ್ಯ ತುಂಬಿದ ಈ ಅವತಾರ ಹೋಟೆಲಿನಲ್ಲೇ ಬೆಳೆದು ಹೆಸರು ಮಾಡಿದ್ದು. ಅತ್ತೆಯವರೇ ಒಮ್ಮೆ ಬಾಯಿತಪ್ಪಿ ಹೇಳಿದರು: "ನಮ್ ಕಾಲ್ದಲ್ಲಿ ಮನೇಲಿ ಉದ್ದಿನ ದೋಸೆ, ಬೆಲ್ಲ-ತುಪ್ಪ. ಮಸಾಲೆ ದೋಸೆ ಬೇಕು ಅಂದ್ರೆ ನಿಮ್ಮಾವ ಹೋಟ್ಲಿಗೆ ಕರ್ಕೊಂಡು ಹೋಗೋರು." ಅಂದರೆ ಅವರು ಜೀವಮಾನದಲ್ಲಿ ಎದುರಿಸದ ಪರೀಕ್ಷೆಯಲ್ಲಿ ನನ್ನ ಉತ್ತರಪತ್ರಿಕೆಯ ಮೌಲ್ಯಮಾಪನ ಅವರೇ ಮಾಡುತ್ತಿದ್ದಾರೆ.

ಇನ್ನು ತಮ್ಮ ಮೇಲಿನ ಆರೋಪಗಳಿಗೆ ಬರುತ್ತೇನೆ.

ಮೊದಲನೆಯದು, ಹಿಟ್ಟಿನ ಗುಟ್ಟು ಬಚ್ಚಿಟ್ಟಿದ್ದು. ಈ ಬಗ್ಗೆ ನಾನು ವ್ಯಾಪಕ ತನಿಖೆ ನಡೆಸಿದ್ದೇನೆ. ಪಕ್ಕದ ಮನೆಯವರು ಅವಲಕ್ಕಿ ಅಂದರು. ಸ್ಟಾಫ್ ರೂಮಿನಲ್ಲಿ ಕನ್ನಡ ಮೇಡಂ ಕಡಲೆಬೇಳೆ ಅಂದರು, ಗಣಿತದ ಮೇಷ್ಟ್ರು ಚಿರೋಟಿ ರವೆ ಅಂದರು. ತರಕಾರಿ ಗಾಡಿಯವನು ಕೂಡ ಸುಮ್ಮನಿರದೆ "ಅಕ್ಕಾ, ಒಂದ್ ಚಿಟಿಕೆ ಸಕ್ರೆ" ಅಂದ. ಎಲ್ಲವನ್ನೂ ಹಾಕಿದ್ದಾಯಿತು. ಮೂರು-ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದು, ಒಂದು ಚಮಚ ಮೆಂತ್ಯ, ಹಿಡಿ ಅವಲಕ್ಕಿ, ಹಿಡಿ ಕಡಲೆಬೇಳೆ. ಇವು ಯಾವುವೂ ಗುಟ್ಟಲ್ಲ ಎಂಬುದು ತನಿಖೆಯಲ್ಲಿ ಹೊರಬಿದ್ದ ಆಘಾತಕಾರಿ ಅಂಶ. ಊರಿಗೆಲ್ಲ ಗೊತ್ತಿದೆ.

ಗುಟ್ಟು ಎಲ್ಲಿದೆ ಎಂದು ವಿಜ್ಞಾನದವಳಾಗಿ ನಾನೇ ಯೋಚಿಸಿದೆ. ನೆನೆದ ಉದ್ದು-ಅಕ್ಕಿಯಲ್ಲಿ ಮೊದಲಿನಿಂದಲೂ ಇರುವ ಸೂಕ್ಷ್ಮಜೀವಿಗಳು, ಅದರಲ್ಲೂ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ, ರಾತ್ರಿಯೆಲ್ಲ ಕೆಲಸ ಮಾಡುತ್ತವೆ. ಹಿಟ್ಟಿನ ಸಕ್ಕರೆಯ ಅಂಶವನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು. ಆ ಅನಿಲ ಹಾರಿಹೋಗದಂತೆ ಉದ್ದಿನ ಲೋಳೆ ಹಿಡಿದಿಡುತ್ತದೆ. ಇವುಗಳಿಗೆ ಇಷ್ಟವಾದ ಹವೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಡಿಸೆಂಬರಿನ ಬೆಂಗಳೂರಿನ ರಾತ್ರಿಯಲ್ಲಿ ಉಷ್ಣಾಂಶ 15-16ಕ್ಕೆ ಇಳಿಯುತ್ತದೆ. ಬ್ಯಾಕ್ಟೀರಿಯಾಗಳೂ ನಮ್ಮ ಮಗಳ ಥರ ಹೊದ್ದು ಮಲಗಿಬಿಡುತ್ತವೆ. ಹಿಟ್ಟಿನ ಪಾತ್ರೆಗೆ ನಾನು ಯಜಮಾನರ ಹಳೇ ಸ್ವೆಟರ್ ತೊಡಿಸಿದ್ದೇನೆ, ಯುಪಿಎಸ್ ಮೇಲಿಟ್ಟಿದ್ದೇನೆ, ಬಿಸಿನೀರಿನ ತಪ್ಪಲೆಯಲ್ಲಿ ಕೂರಿಸಿದ್ದೇನೆ. ಬಾಣಂತಿಗೂ ಇಷ್ಟು ಆರೈಕೆ ನಮ್ಮಲ್ಲಿ ನಡೆದಿಲ್ಲ.

ತಮಗೆ ಈ ಯಾವ ರಗಳೆಯೂ ಇಲ್ಲ. ತಮ್ಮದು ಹಂಡೆಗಟ್ಟಲೆ ಹಿಟ್ಟು. ಒಮ್ಮೆ ಬೆಚ್ಚಗಾದರೆ ಅಷ್ಟು ದೊಡ್ಡ ರಾಶಿ ಸುಲಭಕ್ಕೆ ತಣಿಯದು. ಅದರ ಜೊತೆಗೆ ಬೆಳಗಿನಿಂದ ರಾತ್ರಿಯವರೆಗೆ ಒಲೆ ಉರಿಯುವ ಅಡುಗೆಮನೆಯ ಧಗೆ. ತಮ್ಮ ಕಲ್ಲಿನ ಗ್ರೈಂಡರು ಉದ್ದನ್ನು ನಿಧಾನವಾಗಿ, ಬಿಸಿಯೇರದಂತೆ, ಒಂದು ತೊಟ್ಟು ತೆಗೆದು ನೀರಿಗೆ ಬಿಟ್ಟರೆ ತೇಲುವಷ್ಟು ಹಗುರಾಗಿ ರುಬ್ಬುತ್ತದೆ. ನನ್ನ ಮಿಕ್ಸಿ ಅರ್ಧದಲ್ಲೇ ಜಾರು ಕಾದು, ಸುಟ್ಟ ವಾಸನೆ ಬಿಟ್ಟು, ತಾನಾಗಿಯೇ ಮುಷ್ಕರ ಹೂಡುತ್ತದೆ.

"ಹಿಟ್ಟು ರುಬ್ಬೋ ತಾಪತ್ರಯ ಯಾಕೆ, ಪ್ಯಾಕೆಟ್ ತಂದ್ರಾಯ್ತಲ್ಲ" ಎಂದ ನಮ್ಮ ಯಜಮಾನರಿಗೆ ಒಂದು ಚರಿತ್ರೆ ಹೇಳಬೇಕಾಯಿತು. 1924ರಲ್ಲಿ ಶುರುವಾದ ಎಂಟಿಆರ್ ಇದೆಯಲ್ಲ, ತುರ್ತು ಪರಿಸ್ಥಿತಿಯ ದಿನಗಳಲ್ಲಿ ಹೋಟೆಲ್ ತಿಂಡಿಗಳ ದರ ಇಳಿಸಬೇಕೆಂದು ಸರ್ಕಾರ ಕಟ್ಟುಪಾಡು ಮಾಡಿದಾಗ, ಆ ದರಕ್ಕೆ ಆ ಗುಣಮಟ್ಟ ಕೊಡಲಾಗದೆ ಹೋಟೆಲ್ ಮುಚ್ಚಿತು. ಕೆಲಸಗಾರರನ್ನು ಕೈಬಿಡಬಾರದಲ್ಲ, ಪುಡಿ-ಮಿಕ್ಸ್‌ಗಳನ್ನು ಪೊಟ್ಟಣ ಕಟ್ಟಿ ಮಾರುವ ವ್ಯವಹಾರ ಬೆಳೆದದ್ದು ಆಗ. ಅಂದರೆ ಹೋಟೆಲಿನ ರುಚಿ ಪೊಟ್ಟಣದಲ್ಲಿ ಕೂತು ಮನೆಯ ಅಡುಗೆಕೋಣೆಗೆ ಬಂದದ್ದು, ತಿಂಡಿ ಅಗ್ಗವಾಗಿ ಸಿಗಲಿ ಎಂದು ಮೇಲಿನವರು ಪಟ್ಟುಹಿಡಿದದ್ದರಿಂದ. ಚರಿತ್ರೆ ಕೇಳಿ ಯಜಮಾನರು ತಲೆದೂಗಿದರು. ಆಮೇಲೆ ಪ್ಯಾಕೆಟ್ ಹಿಟ್ಟನ್ನೇ ತಂದರು. ದೋಸೆಯನ್ನು ನಾನೇ ಹುಯ್ದೆ. ತೀರ್ಪು ಬದಲಾಗಲಿಲ್ಲ.

ಎರಡನೆಯ ಆರೋಪ ಗಂಭೀರವಾದದ್ದು: ಕಾವಲಿ. ಬಚ್ಚಿಟ್ಟು ಮಾಡುವವರನ್ನಾದರೂ ಕ್ಷಮಿಸಬಹುದು. ತಾವು ಎಲ್ಲರ ಕಣ್ಣೆದುರೇ ಮಾಡುತ್ತೀರಿ. 1980ರ ದಶಕದಲ್ಲಿ ಬೆಂಗಳೂರಿಗೆ ದರ್ಶಿನಿಗಳು ಬಂದ ಮೇಲಂತೂ ಅಡುಗೆಮನೆಗೂ ಗಿರಾಕಿಗೂ ನಡುವೆ ಒಂದು ಕಟ್ಟೆಯಷ್ಟೇ ಅಡ್ಡ. ಟೋಕನ್ ಹಿಡಿದು ನಿಂತು ನಾನು ತಮ್ಮ ಕೈಯನ್ನೇ ದಿಟ್ಟಿಸಿದ್ದೇನೆ.

ಮೊದಲು ಕಾವಲಿಗೆ ನೀರು ಚಿಮುಕಿಸುತ್ತೀರಿ. ಚುಂಯ್ ಎಂದು ಆವಿ ಏಳುತ್ತದೆ. ಕಡ್ಡಿಪೊರಕೆಯಿಂದ ಒಮ್ಮೆ ಗುಡಿಸುತ್ತೀರಿ. ಹಿಂದಿನ ದೋಸೆಯ ಚೂರು, ಎಣ್ಣೆ, ನೀರು ಎಲ್ಲ ಒಂದೇ ಬೀಸಿಗೆ ಅಂಚಿನಾಚೆ. ಬಟ್ಟಲಿನಿಂದ ಹಿಟ್ಟು ಸುರಿದು, ಅದೇ ಬಟ್ಟಲ ತಳದಿಂದ ನಡುವಿನಿಂದ ಹೊರಕ್ಕೆ ಸುತ್ತು ಹಾಕುತ್ತೀರಿ. ಹೀಗೆ ಸಾಲಾಗಿ, ನೋಡನೋಡುತ್ತಿದ್ದಂತೆ ಕಾವಲಿ ತುಂಬ ದೋಸೆ. ಕೊನೆಯದನ್ನು ಹುಯ್ಯುವಷ್ಟರಲ್ಲಿ ಮೊದಲನೆಯದರ ಮೇಲ್ಮೈ ಒಣಗಿರುತ್ತದೆ. ಎಣ್ಣೆಯೋ ತುಪ್ಪವೋ ಬೀಳುತ್ತದೆ, ಕೆಂಪು ಚಟ್ನಿ ಬಳಿಯುತ್ತೀರಿ, ಪಲ್ಯದ ಉಂಡೆ ಇಡುತ್ತೀರಿ. ಅಗಲವಾದ ಮೊಗಚುವ ಕೈಯನ್ನು ಅಂಚಿನಡಿ ತೂರಿಸಿ ಸರಕ್ಕನೆ ಎಬ್ಬಿಸಿ ಮಡಚುತ್ತೀರಿ. ಆ ಕೈ ಕಾವಲಿಯನ್ನು ಕೆರೆಯುವ ಸದ್ದು ಕೇಳಿದರೇ ಸರದಿಯಲ್ಲಿ ನಿಂತವರ ಬಾಯಲ್ಲಿ ನೀರೂರುತ್ತದೆ. ಇಷ್ಟರ ನಡುವೆ "ಎರಡು ಮಸಾಲೆ, ಒಂದು ಖಾಲಿ" ಎಂಬ ಕೂಗಿಗೆ ತಲೆ ಎತ್ತದೆಯೇ ಹೂಂಗುಟ್ಟುತ್ತೀರಿ. ಎಲ್ಲವನ್ನೂ ನೋಡಿದೆ. ಮನೆಗೆ ಬಂದು ಹಾಗೆಯೇ ಮಾಡಿದೆ. ಹಿಟ್ಟು ಕಾವಲಿಗೆ ಕಚ್ಚಿಕೊಂಡಿತು.

ಒಂಬತ್ತನೇ ತರಗತಿಗೆ ನಾನು ಗುಪ್ತೋಷ್ಣದ ಪಾಠ ಮಾಡುತ್ತೇನೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಶಾಖ ಬೇಕು. ತಾವು ಚಿಮುಕಿಸುವ ನೀರು ಆ ಶಾಖವನ್ನು ಕಾವಲಿಯಿಂದಲೇ ಎಳೆದುಕೊಳ್ಳುತ್ತದೆ. ಮೇಲ್ಮೈ ಒಂದು ಗಳಿಗೆ ತಣಿಯುತ್ತದೆ, ಹಿಟ್ಟು ಬಿದ್ದಲ್ಲೇ ಬೆಂದು ಗಟ್ಟಿಯಾಗದೆ ಹರಡಿಕೊಳ್ಳಲು ಸಮಯ ಸಿಗುತ್ತದೆ. ಆದರೆ ತಮ್ಮ ಕಾವಲಿಯ ದಪ್ಪ ಕಬ್ಬಿಣ ಬೆಳಗಿನಿಂದ ಕೂಡಿಟ್ಟ ಶಾಖ ಅಪಾರ. ಮೇಲ್ಮೈ ಮತ್ತೆ ಕಾಯಲು ತಡವಾಗುವುದಿಲ್ಲ. ಸುಮಾರು 140 ಡಿಗ್ರಿ ದಾಟಿದ ಮೇಲೆ ಹಿಟ್ಟಿನ ಸಕ್ಕರೆಗೂ ಪ್ರೋಟೀನಿನ ಅಂಶಗಳಿಗೂ ನಡುವೆ ಒಂದು ಕ್ರಿಯೆ ಚುರುಕಾಗುತ್ತದೆ. ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ ಅದನ್ನು 1912ರಲ್ಲಿ ವಿವರಿಸಿದ. ಅವನ ಹೆಸರೇ ಅದಕ್ಕೆ ನಿಂತಿದೆ. ದೋಸೆಯ ಹೊಂಬಣ್ಣ, ಆ ಘಮ, ಎರಡೂ ಅದರ ಫಲ. ಅವಲಕ್ಕಿ, ಕಡಲೆಬೇಳೆ, ಚಿಟಿಕೆ ಸಕ್ಕರೆ ಎಂದು ಊರವರು ಕೊಟ್ಟ ಸಲಹೆಗಳಲ್ಲಿ ಕಡಲೆಬೇಳೆಗೂ ಸಕ್ಕರೆಗೂ ಇಲ್ಲಿ ಕೆಲಸವಿದೆ. ಆದರೆ ಅವು ಕೆಲಸ ಮಾಡಬೇಕಾದರೆ ಕಾವಲಿ ಕಾದಿರಬೇಕು, ಕಾದೇ ಇರಬೇಕು.

ನಮ್ಮ ಮನೆಯ ಒಲೆಯಲ್ಲಿ ಬೆಂಕಿ ಒಂದು ಬಳೆಯಗಲ. ಕಾವಲಿಯ ನಡುವೆ ದೋಸೆ ಕಪ್ಪಾಗುವ ಹೊತ್ತಿಗೆ ಅಂಚಿನಲ್ಲಿ ಇನ್ನೂ ಬಿಳಿ. ತಮ್ಮಂತೆ ನೀರು ಚಿಮುಕಿಸಿದರೆ ನನ್ನ ಕಾವಲಿ ತಣಿದು, ಮತ್ತೆ ಕಾಯುವಷ್ಟರಲ್ಲಿ ಯಜಮಾನರು ಪೇಪರ್ ಓದಿ ಮುಗಿಸಿರುತ್ತಾರೆ. ತಾವು ಉರಿಸುವುದು 19 ಕಿಲೋ ಸಿಲಿಂಡರು, ನನ್ನದು 14.2 ಕಿಲೋ, ಅದರಲ್ಲೇ ತಿಂಗಳ ಅನ್ನ-ಸಾರೂ ಆಗಬೇಕು. ಬರ್ನರಿನ ಗಾತ್ರ, ಗ್ಯಾಸಿನ ಒತ್ತಡ, ಕಬ್ಬಿಣದ ತೂಕ, ಯಾವುದರಲ್ಲೂ ನಾನು ತಮಗೆ ಸಮಬಲದ ಎದುರಾಳಿ ಅಲ್ಲ. ಆದರೂ ಪ್ರತಿ ಭಾನುವಾರ ನಮ್ಮಿಬ್ಬರಿಗೆ ಪಂದ್ಯ ಏರ್ಪಡಿಸಲಾಗುತ್ತದೆ.

ಮಗಳು ಹುಟ್ಟುಹಬ್ಬಕ್ಕೆಂದು ನನಗೆ ನಾನ್‌ಸ್ಟಿಕ್ ತವಾ ತಂದುಕೊಟ್ಟಳು. ಹುಟ್ಟುಹಬ್ಬ ನನ್ನದು, ದೋಸೆ ಅವಳದು. ಅದರ ಮೇಲೆ ಹಿಟ್ಟು ಎಲ್ಲಿಯೂ ಹಿಡಿಯುವುದಿಲ್ಲ. ಸೌಟು ತಿರುಗಿಸಿದರೆ ದೋಸೆಯೂ ಸೌಟಿನ ಹಿಂದೆಯೇ ಪ್ರದಕ್ಷಿಣೆ ಬರುತ್ತದೆ. ಹೆಚ್ಚು ಕಾಯಿಸೋಣವೆಂದರೆ ಅದರ ಲೇಪ 260 ಡಿಗ್ರಿ ದಾಟಿದರೆ ಕೆಡತೊಡಗುತ್ತದೆ. ಕೊನೆಗೆ ಅತ್ತೆಯವರ ಹಳೇ ಬೀಡಿನ ಕಾವಲಿಯನ್ನೇ ಅಟ್ಟದಿಂದ ಇಳಿಸಿ, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ ಉಜ್ಜಿ ಪಳಗಿಸಿದ್ದೇನೆ. ಅದು ಪಳಗಿದೆ. ಮನೆಮಂದಿ ಪಳಗಿಲ್ಲ.

ಮೂರನೆಯ ಆರೋಪ, ಎಣ್ಣೆ-ಬೆಣ್ಣೆ. ತಮ್ಮಂಥವರು ಒಂದು ದೋಸೆಗೆ ಹಾಕುವ ಬೆಣ್ಣೆಯನ್ನು ಮಲ್ಲೇಶ್ವರದ ಸಿಟಿಆರ್‌ನಲ್ಲೋ ದಾವಣಗೆರೆಯಲ್ಲೋ ಕಣ್ಣಾರೆ ಕಂಡು, "ಆಹಾ, ನೋಡು, ಹೆಂಗೆ ಮಿಂಚ್ತಿದೆ" ಎಂದು ಹೊಗಳುವ ಬಾಯಿಯೇ ಮನೆಗೆ ಬಂದ ಮೇಲೆ "ಎಣ್ಣೆ ಸ್ವಲ್ಪ ನೋಡ್ಕೊಂಡು ಹಾಕೇ, ನನ್ನ ಕೊಲೆಸ್ಟರಾಲ್ ರಿಪೋರ್ಟ್ ನೋಡಿದ್ದೀಯಲ್ಲ" ಅನ್ನುತ್ತದೆ. ಕೊಲೆಸ್ಟರಾಲ್ ಹೋಟೆಲಿನ ಹೊಸ್ತಿಲಾಚೆ ಚಪ್ಪಲಿಯ ಪಕ್ಕ ಕಾಯುತ್ತಿರುತ್ತದೆ, ಒಳಗೆ ಬರುವುದಿಲ್ಲ. ನಾನು ಅರ್ಧ ಚಮಚ ಎಣ್ಣೆಯಲ್ಲಿ ಹೋಟೆಲಿನ ಗರಿ, ಹೋಟೆಲಿನ ಬಣ್ಣ, ಹೋಟೆಲಿನ ಘಮ ತರಬೇಕು. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿಗಡಲೆ ಹಾಕಿ ಕೆಂಪು ಚಟ್ನಿ ಅರೆಯಬೇಕು, ಆದರೆ "ಖಾರ ಕಮ್ಮಿ ಇರ್ಲಿ, ಅತ್ತೆಗೆ ಆಗಲ್ಲ". ತೆಂಗಿನಕಾಯಿ ಚಟ್ನಿ ನೀರಾಗಿರಬೇಕು, ಅದೇ ಹೊತ್ತಿಗೆ ಮಗಳಿಗೆ ಗಟ್ಟಿಯಾಗಿರಬೇಕು. ಬೆಂದ ಆಲೂಗಡ್ಡೆ ಪಲ್ಯ ಜಿಡ್ಡಿಲ್ಲದೆ ಹೊಳೆಯಬೇಕು. ಇಂಥ ಷರತ್ತುಗಳನ್ನು ತಮ್ಮ ಕಟ್ಟೆಯ ಮುಂದೆ ನಿಂತು ಯಾರಾದರೂ ಹೇಳಿದ್ದುಂಟೇ? ಹೇಳಿದರೆ ತಾವು ಮುಖ ಎತ್ತಿ ನೋಡುತ್ತಿದ್ದಿರೇ?

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು. ಇದನ್ನು ತಮ್ಮ ಮೇಲೆ ಹೊರಿಸಬೇಕೋ ಬೇರೆಯವರ ಮೇಲೋ ಎಂಬ ಬಗ್ಗೆ ಕಾನೂನು ಸಲಹೆ ಪಡೆಯಬೇಕಿದೆ.

ಮಸಾಲೆ ದೋಸೆಗೆ ಆಯಸ್ಸು ಕಮ್ಮಿ. ಕಾವಲಿಯಿಂದ ಎದ್ದ ಕ್ಷಣದಿಂದಲೇ ಒಳಗಿನ ಬಿಸಿ ಪಲ್ಯದ ಆವಿ ದೋಸೆಯ ಮೈಗೆ ಇಳಿಯತೊಡಗುತ್ತದೆ. ಗರಿ ಹೋಗಿ ಮೆತ್ತಗಾಗಲು ಹೆಚ್ಚು ಹೊತ್ತು ಬೇಡ. ಅದಕ್ಕೇ ತಮ್ಮಲ್ಲಿ ದೋಸೆ ಕಾವಲಿಯಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ ನೇರ ಪ್ರಯಾಣ. ನಮ್ಮವರು ತಮ್ಮ ಕಟ್ಟೆಯ ಮುಂದೆ ಟೋಕನ್ ಹಿಡಿದು ಬಿಸಿಲಲ್ಲಿ ನಿಲ್ಲುತ್ತಾರೆ, ಬೇರೆಯವರ ತಟ್ಟೆಯನ್ನು ಆಸೆಯಿಂದ ನೋಡುತ್ತಾರೆ, ನಂಬರು ಕೂಗಿದರೆ ಓಡುತ್ತಾರೆ. ಮನೆಯಲ್ಲಿ "ದೋಸೆ ಆಯ್ತು, ಬನ್ನಿ" ಎಂದು ನಾನು ಕೂಗಿದರೆ ಒಬ್ಬರು ಸ್ನಾನಕ್ಕೆ ಹೋಗುತ್ತಾರೆ, ಒಬ್ಬರು ಫೋನಿನಲ್ಲಿರುತ್ತಾರೆ, ಒಬ್ಬರು "ಐದೇ ನಿಮಿಷ" ಅನ್ನುತ್ತಾರೆ. ಹೋಟೆಲಿನಲ್ಲಿ ಇವರು ದೋಸೆಗಾಗಿ ಕಾಯುತ್ತಾರೆ. ಮನೆಯಲ್ಲಿ ದೋಸೆ ಇವರಿಗಾಗಿ ಕಾಯುತ್ತದೆ. ಕಾದು ಕಾದು ಮೆತ್ತಗಾದ ದೋಸೆಯನ್ನು ಮುರಿದು, ಅದು ಗರಿಗರಿಯಾಗಿಲ್ಲ ಎಂದು ನನಗೆ ತಿಳಿಸುತ್ತಾರೆ.

ಇನ್ನೊಂದು ವಿಚಾರ. ತಮ್ಮಲ್ಲಿ ಮೊದಲ ಗಿರಾಕಿಗೂ ಕೊನೆಯ ಗಿರಾಕಿಗೂ ಒಂದೇ ದೋಸೆ. ನಮ್ಮಲ್ಲಿ ಕೊನೆಯ ದೋಸೆ ಯಾವಾಗಲೂ ನನ್ನದು. ಅಷ್ಟರಲ್ಲಿ ಪಲ್ಯ ತಳ ಕಂಡಿರುತ್ತದೆ, ಕೆಂಪು ಚಟ್ನಿಯ ಬಟ್ಟಲನ್ನು ಸೌಟಿನಿಂದ ಬಳಿಯಬೇಕು, ಹಿಟ್ಟೂ ತಳದ್ದೇ. ಅದನ್ನು ಬಹುಪಾಲು ಒಲೆಯ ಪಕ್ಕ ನಿಂತೇ ತಿನ್ನುತ್ತೇನೆ, ಏಕೆಂದರೆ ಅಷ್ಟು ಹೊತ್ತಿಗೆ ಕಾಫಿ ಎಲ್ಲಿ ಎಂಬ ವಿಚಾರಣೆ ಶುರುವಾಗಿರುತ್ತದೆ. ತಮ್ಮ ಹೋಟೆಲಿಗೆ ಬಂದಾಗ ಮಾತ್ರ ನನ್ನ ಮುಂದೆ ಬಿಸಿ ದೋಸೆ ಬಂದು ಕೂರುತ್ತದೆ. ಹಬೆಯಾಡುತ್ತಿರುತ್ತದೆ. ಅಂಚು ಮುರಿದರೆ ಸದ್ದಾಗುತ್ತದೆ. ಅದನ್ನು ತಿನ್ನುವಾಗ "ಇನ್ನೊಂದ್ ಹಾಕಮ್ಮಾ" ಎಂದು ಯಾರೂ ಕೂಗುವುದಿಲ್ಲ.

ಮನೆಯಲ್ಲಿ ಎಷ್ಟು ಅವಲಕ್ಕಿ ಸುರಿದರೂ ಬಾರದ ರುಚಿ ಇದೇ. ಹೋಟೆಲಿನ ರುಚಿ ಎಂದು ಇವರೆಲ್ಲ ಕೊಂಡಾಡುವುದರಲ್ಲಿ ಉದ್ದಿನ ಪಾಲಿದೆ, ಕಬ್ಬಿಣದ ಪಾಲಿದೆ, ಬೆಣ್ಣೆಯ ಪಾಲಿದೆ. ಆದರೆ ಬಹುದೊಡ್ಡ ಪಾಲು, ತಾನು ಕೂತಿದ್ದಾಗ ಬೇರೊಬ್ಬರು ನಿಂತು ಹುಯ್ದುಕೊಡುವುದರದ್ದು. ನಮ್ಮ ಯಜಮಾನರಿಗೆ ಈ ಸುಖ ಮನೆಯಲ್ಲೂ ಸಿಗುತ್ತಿದೆ. ಆದ್ದರಿಂದ ಅವರಿಗೆ ವ್ಯತ್ಯಾಸ ಹಿಟ್ಟಿನಲ್ಲಿ ಕಾಣುತ್ತದೆ. ನನಗೆ ಸಿಗುತ್ತಿಲ್ಲ, ಹಾಗಾಗಿ ನನಗೆ ಕುರ್ಚಿಯಲ್ಲಿ ಕಾಣುತ್ತದೆ.

ತಾವೂ ನಿಂತವರೇ. ಧಗೆಯ ಮುಂದೆ, ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ, ಬೆಳಕು ಹರಿಯುವ ಮುಂಚಿನಿಂದ ನಿಂತವರು. ಆ ಲೆಕ್ಕದಲ್ಲಿ ನಾವಿಬ್ಬರೂ ಒಂದೇ ಕಸುಬಿನವರು. ವ್ಯತ್ಯಾಸ ಇಷ್ಟೇ: ತಮ್ಮ ದೋಸೆಗೆ ದರಪಟ್ಟಿ ಇದೆ, ಬಿಲ್ಲಿನಲ್ಲಿ ಶೇ. 5 ಜಿಎಸ್‌ಟಿ ಇದೆ, ತಿಂಗಳ ಕೊನೆಗೆ ತಮಗೆ ಸಂಬಳ ಇದೆ. ನನ್ನ ದೋಸೆಗೆ ತೆರಿಗೆಯೂ ಇಲ್ಲ, ದರವೂ ಇಲ್ಲ. ಅಭಿಪ್ರಾಯ ಮಾತ್ರ ಧಾರಾಳ. ವಾರದ ರಜೆ ತಮಗೆ ಸರಿಯಾಗಿ ಸಿಗುತ್ತಿದೆಯೋ ಇಲ್ಲವೋ, ತಮ್ಮ ಮಾಲೀಕರನ್ನು ಕೇಳಬೇಕು. ನನ್ನ ವಾರದ ರಜೆಯಂದೇ ದೋಸೆ.

ಈ ಎಲ್ಲ ಕಾರಣಗಳಿಂದ ತಮ್ಮ ಮುಂದೆ ಈ ಕೆಳಗಿನ ಬೇಡಿಕೆಗಳನ್ನು ಇಡುತ್ತಿದ್ದೇನೆ.

ಒಂದು: ಗುಟ್ಟು ಕೇಳಿದವರಿಗೆ ತಾವು ಸುಮ್ಮನೆ ನಗುವುದನ್ನು ಕೂಡಲೇ ನಿಲ್ಲಿಸಬೇಕು. ಆ ನಗೆಯಿಂದಲೇ ಒಳಗೆ ಏನೋ ಇದೆ ಎಂದು ಜನ ನಂಬಿ ಮನೆಗೆ ಬಂದು ನಮ್ಮನ್ನು ಕಾಡುತ್ತಾರೆ. "ಬೆಳಗಿನ ಜಾವ ಎದ್ದು ಹತ್ತು ವರ್ಷ ಇದೊಂದೇ ಕೆಲಸ ಮಾಡಿ, ಬರುತ್ತೆ" ಎಂದು ಇದ್ದದ್ದನ್ನು ಇದ್ದಂತೆ ಹೇಳಬೇಕು.

ಎರಡು: ದೋಸೆಯ ದರ ಏರಿಸಿದಾಗ "ಅಗತ್ಯ ವಸ್ತುಗಳ ಬೆಲೆ ಏರಿಕೆಯಿಂದ ದರ ಹೆಚ್ಚಿಸುವುದು ಅನಿವಾರ್ಯವಾಗಿದೆ, ಗ್ರಾಹಕರು ಸಹಕರಿಸಬೇಕು" ಎಂದು ಕೈಮುಗಿಯುವ ಬೋರ್ಡನ್ನು ತಮ್ಮ ಮಾಲೀಕರು ತೆಗೆಸಬೇಕು. ಅದರ ಜಾಗದಲ್ಲಿ "ಹೆಚ್ಚಾಯಿತು ಎನಿಸಿದವರು ಮನೆಯಲ್ಲಿ ಮಾಡಿಕೊಳ್ಳಬಹುದು" ಎಂದಷ್ಟೇ ಬರೆಸಬೇಕು. ಹತ್ತು ರೂಪಾಯಿಗೆ ಗೊಣಗುವವರ ಬಾಯಿ ಅಲ್ಲಿಗೆ ಮುಚ್ಚುತ್ತದೆ. ಅವರ ಮನೆಯಲ್ಲಿ ಮಾಡಿಕೊಳ್ಳುವವರು ಯಾರು ಎಂಬುದು ಅವರಿಗೆ ಗೊತ್ತಿದ್ದರೆ, ಇನ್ನೂ ಹತ್ತು ಕೊಟ್ಟಾರು.

ಮೂರು: ಹೋಟೆಲಿನ ಗೋಡೆಯ ಮೇಲೆ ಸ್ಥಾಪಕರ ಫೋಟೋಗೆ ಹಾರ ಇದೆ, ದೇವರ ಪಟಕ್ಕೂ ಇದೆ, ಇರಲಿ. ಅದರ ಪಕ್ಕ ಇವತ್ತು ಕಾವಲಿಯ ಮುಂದೆ ನಿಂತವರ ಹೆಸರನ್ನು ಸೀಮೆಸುಣ್ಣದಲ್ಲಾದರೂ ಬರೆಸಬೇಕು. ಊರಿಗೆ ಊರೇ ರುಚಿ ಹೊಗಳುವಾಗ ಅದು ಯಾರ ಕೈರುಚಿ ಎಂದು ತಿಳಿಯಲಿ. ತಮ್ಮನ್ನು ಬೈಯುವಾಗ ನನಗೂ ಅನುಕೂಲ.

ನಾಲ್ಕು: ವಾರಕ್ಕೊಮ್ಮೆ, ಗಿರಾಕಿ ಕಮ್ಮಿ ಇರುವ ಮಧ್ಯಾಹ್ನದ ಹೊತ್ತಿನಲ್ಲಿ, "ಹೋಟೆಲ್ ಥರ ಬಂದಿಲ್ಲ" ಎನ್ನುವ ಗಂಡಸರಿಗೆ ಕಾವಲಿಯ ಮುಂದೆ ಅರ್ಧ ಗಂಟೆ ಉಚಿತ ತರಬೇತಿ ಏರ್ಪಡಿಸಬೇಕು. ಮೊದಲ ಅಭ್ಯರ್ಥಿಯನ್ನು ನಾನೇ ಕರೆತರುತ್ತೇನೆ. ಏಪ್ರನ್ ನಮ್ಮ ಕಡೆಯಿಂದ.

ತಾವು ಈ ಬೇಡಿಕೆಗಳನ್ನು ಈಡೇರಿಸುವವರೆಗೆ ಭಾನುವಾರಗಳಂದು ಮನೆಯಲ್ಲಿ ಉಪ್ಪಿಟ್ಟು ಮಾಡುವುದೆಂದು ನಾನು ತೀರ್ಮಾನಿಸಿದ್ದೇನೆ. ಅದನ್ನು ಹೋಟೆಲಿಗೆ ಹೋಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಈ ಪತ್ರ ಓದುತ್ತಿರುವ ಉಳಿದವರಲ್ಲೂ ಒಂದು ಮನವಿ. ನಿಮ್ಮ ಮನೆಯಲ್ಲಿ ದೋಸೆ ಹುಯ್ಯುವವರು ಯಾರೋ ಅವರನ್ನು ಮುಂದಿನ ಭಾನುವಾರ ಮೇಜಿನ ಮುಂದೆ ಕೂರಿಸಿ. ಸೌಟು ನೀವು ಹಿಡಿಯಿರಿ. ಕಾವಲಿಯಿಂದ ಎದ್ದ ಎರಡನೆಯ ದೋಸೆಯನ್ನು ಬಿಸಿಯಿರುವಾಗಲೇ ಅವರ ತಟ್ಟೆಗೆ ಹಾಕಿ. ಮೊದಲನೆಯದು ಹೇಗೂ ಏಳುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಕೊನೆಯ ದೋಸೆಯ ಕಾಯಂ ಹಕ್ಕುದಾರಳು

ಪ್ರತಿಗಳು:
1. ಮನೆಯ ಯಜಮಾನರಿಗೆ, ಸೂಕ್ತ ಕ್ರಮಕ್ಕಾಗಿ.
2. ಅತ್ತೆಯವರಿಗೆ, ಮಾಹಿತಿಗಾಗಿ.
3. ಮಗಳಿಗೆ, ಮುಂದಿನ ಹುಟ್ಟುಹಬ್ಬದ ಉಡುಗೊರೆಯ ಆಯ್ಕೆಯಲ್ಲಿ ಮಾರ್ಗದರ್ಶನಕ್ಕಾಗಿ.